ಹದಿನಾರಾಣೆ ಲೆಕ್ಕದ ಯಂತ್ರ

25ಕ್ಕೆ 17 ಕೂಡಿಸಿದರೆ 42 ಬರಬೇಕು. 8085 ಕಿಟ್ ಮಾತ್ರ 3ಸಿ ಎನ್ನುತ್ತದೆ! ತಪ್ಪು ಯಂತ್ರದ್ದಲ್ಲ. ಅಸೆಂಬ್ಲಿ ಭಾಷೆಯ ಕಲಿಕೆ ಶುರುವಾಗುವುದೇ ಈ ಗಲಿಬಿಲಿಯಿಂದ. 1976ರಲ್ಲಿ ಹುಟ್ಟಿ, 2026ಕ್ಕೆ ಐವತ್ತು ತುಂಬಿಸಿಕೊಳ್ಳುವ ಇಂಟೆಲ್‌ನ 8085 ಎಂಬ ಪುಟ್ಟ ಚಿಪ್ಪು ಇಂದಿಗೂ ಆ ಭಾಷೆಯ ಒಳ್ಳೆಯ ಮೇಷ್ಟ್ರು.

ಪಾಲಿಟೆಕ್ನಿಕ್‌ನ ಮೈಕ್ರೊಪ್ರೊಸೆಸರ್ ಲ್ಯಾಬು. ಕಿಟ್‌ನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೊಂದು ಹಸಿರು ಬೋರ್ಡು, ಕ್ಯಾಲ್ಕುಲೇಟರಿನಲ್ಲಿರುವಂಥ ಕೀಲಿಗಳು, ಮೇಲೆ ಕೆಂಪಗೆ ಹೊಳೆಯುವ ಆರು ಅಂಕಿಗಳ ಪಟ್ಟಿ. ಪರದೆಯಿಲ್ಲ, ಮೌಸಿಲ್ಲ. ವಿದ್ಯಾರ್ಥಿ ರೆಕಾರ್ಡ್ ಪುಸ್ತಕ ನೋಡಿಕೊಂಡು ಒತ್ತುತ್ತಾನೆ: 3ಇ, ನೆಕ್ಸ್ಟ್. 25, ನೆಕ್ಸ್ಟ್. 06, ನೆಕ್ಸ್ಟ್. ಒಂಬತ್ತು ಜೋಡಿ ಮುಗಿದ ಮೇಲೆ ‘ಗೋ’, ಶುರುವಿನ ವಿಳಾಸ, ‘ಎಕ್ಸೆಕ್’.

ಅಂಕಿಗಳೆಲ್ಲ ಆರಿ ಎಡತುದಿಯಲ್ಲಿ ಒಂದು ‘ಇ’ ಮಾತ್ರ ಉಳಿಯುತ್ತದೆ. ಏನೂ ಆದಂತೆ ಕಾಣುವುದಿಲ್ಲ. ರೀಸೆಟ್ ಒತ್ತಿ, 2050ನೇ ವಿಳಾಸ ತೆರೆದು ನೋಡಿದರೆ ಅಲ್ಲಿ ಕೂತಿದೆ ಉತ್ತರ: 3ಸಿ.

ಅವನು ಒತ್ತಿದ್ದು ಇಷ್ಟು. ಎಡಗಡೆ ವಿಳಾಸ, ನಡುವೆ ಯಂತ್ರಕ್ಕೆ ಅರ್ಥವಾಗುವ ಸಂಕೇತ, ಬಲಗಡೆ ಮನುಷ್ಯರಿಗೆ ಅರ್ಥವಾಗುವ ಅದೇ ಮಾತು.

2000 — 3ಇ 25 — ಎಂವಿಐ ಎ, 25
2002 — 06 17 — ಎಂವಿಐ ಬಿ, 17
2004 — 80 — ಆ್ಯಡ್ ಬಿ
2005 — 32 50 20 — ಎಸ್‌ಟಿಎ 2050
2008 — 76 — ಎಚ್‌ಎಲ್‌ಟಿ

ಬಲಗಡೆಯ ಸಾಲುಗಳೇ ಅಸೆಂಬ್ಲಿ ಭಾಷೆ. ಎ ಎಂಬ ಗೂಡಿನಲ್ಲಿ 25 ಇಡು; ಬಿ ಗೂಡಿನಲ್ಲಿ 17 ಇಡು; ಬಿಯಲ್ಲಿರುವುದನ್ನು ಎಗೆ ಕೂಡಿಸು; ಎಯಲ್ಲಿರುವುದನ್ನು 2050ನೇ ವಿಳಾಸಕ್ಕೆ ಬರೆ; ನಿಲ್ಲು. ಸಿ, ಜಾವಾ, ಪೈಥಾನ್ ಭಾಷೆಗಳಲ್ಲಿ ಒಂದು ಸಾಲು ಬರೆದರೆ ಅದರ ಹಿಂದೆ ಯಂತ್ರದ ಹತ್ತಾರು ಆದೇಶಗಳು ಓಡಬಹುದು. ಇಲ್ಲಿ ಒಂದು ಸಾಲಿಗೆ ಒಂದೇ ಆದೇಶ. ನಡುವೆ ದುಭಾಷಿಯಿಲ್ಲ.

ಇನ್ನು ಆ 3ಸಿ. ಕರ್ನಾಟಕದ ಹಿರಿಯರಿಗೆ ಇದನ್ನು ವಿವರಿಸುವುದು ಕಿರಿಯರಿಗೆ ವಿವರಿಸುವುದಕ್ಕಿಂತ ಸುಲಭ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ ರೂಪಾಯಿಗೆ ಹದಿನಾರಾಣೆ. ಹದಿನೈದಾಣೆ ಆದಮೇಲೆ ಇನ್ನೊಂದಾಣೆ ಸೇರಿದರೆ ಆಣೆಯ ಮನೆ ಖಾಲಿ, ರೂಪಾಯಿಯ ಮನೆಗೆ ಒಂದು. ಕಿಟ್ ಬಳಸುವ ಹೆಕ್ಸ್, ಅಂದರೆ ಹದಿನಾರರ ಲೆಕ್ಕವೂ ಹಾಗೆಯೇ. ಎಡಗಡೆಯ ಅಂಕಿ ರೂಪಾಯಿ, ಬಲಗಡೆಯದು ಆಣೆ. ಹತ್ತರಿಂದ ಹದಿನೈದರವರೆಗೆ ಒಂದೇ ಮನೆಯಲ್ಲಿ ಬರೆಯಲು ಅಂಕಿಗಳಿಲ್ಲವಾದ್ದರಿಂದ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳನ್ನು ಎರವಲು ತಂದಿದ್ದಾರೆ.

ಹಾಗಾಗಿ 25 ಎಂದರೆ ಎರಡು ರೂಪಾಯಿ ಐದಾಣೆ. 17 ಎಂದರೆ ಒಂದು ರೂಪಾಯಿ ಏಳಾಣೆ. ಕೂಡಿಸಿದರೆ ಮೂರು ರೂಪಾಯಿ ಹನ್ನೆರಡಾಣೆ. ಹನ್ನೆರಡಕ್ಕೆ ಅಕ್ಷರ ಸಿ. ಉತ್ತರ 3ಸಿ, ಒಟ್ಟು 60 ಆಣೆ. ಯಂತ್ರ ಹೇಳಿದ್ದು ಅಕ್ಷರಶಃ ಹದಿನಾರಾಣೆ ಸತ್ಯ.

ಹದಿನಾರೇ ಯಾಕೆ? ಚಿಪ್ಪಿನೊಳಗೆ ಇರುವುದು ಸೊನ್ನೆ ಮತ್ತು ಒಂದು, ಅಷ್ಟೇ. ಅವೇ ಬಿಟ್‌ಗಳು. ನಾಲ್ಕು ಬಿಟ್‌ಗಳನ್ನು ಒಟ್ಟುಗೂಡಿಸಿದರೆ ಹದಿನಾರು ಬಗೆಯ ಜೋಡಣೆಗಳಾಗುತ್ತವೆ. 8085 ಒಮ್ಮೆಗೆ ಎಂಟು ಬಿಟ್‌ಗಳನ್ನು, ಅಂದರೆ ಒಂದು ಬೈಟನ್ನು ನಿಭಾಯಿಸುತ್ತದೆ. ಅದನ್ನು ಎರಡು ಹೆಕ್ಸ್ ಅಂಕಿಗಳಲ್ಲಿ ಬರೆದುಬಿಡಬಹುದು. 00111100 ಎಂದು ಬರೆದು ಕಣ್ಣು ಮಂಜಾಗಿಸಿಕೊಳ್ಳುವುದಕ್ಕಿಂತ 3ಸಿ ವಾಸಿ.

ಕಿಟ್‌ನ ಅಂಕಿಪಟ್ಟಿಯಲ್ಲಿ ಒಂದು ಬಲೆಯಿದೆ. ಏಳು ಗೀಟುಗಳಲ್ಲೇ ಎಲ್ಲವನ್ನೂ ತೋರಿಸಬೇಕಾದ್ದರಿಂದ ‘ಬಿ’ಯನ್ನು ಅದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ತೋರಿಸುತ್ತದೆ. ಆ ಅಕ್ಷರಕ್ಕೂ 6ಕ್ಕೂ ಇರುವ ವ್ಯತ್ಯಾಸ ನೆತ್ತಿಯ ಮೇಲಿನ ಒಂದೇ ಗೀಟು. ಮೊದಲ ವಾರದ ತಪ್ಪುಗಳಲ್ಲಿ ಇದರ ಪಾಲು ದೊಡ್ಡದು.

ಏಳು ಗೂಡು, ಒಂದು ಬೀದಿ

ಪ್ರೊಸೆಸರಿಗೆ ಎರಡು ಜಾಗಗಳು ಗೊತ್ತು. ಒಂದು, ತನ್ನೊಳಗಿನ ರಿಜಿಸ್ಟರ್‌ಗಳು: ಎ, ಬಿ, ಸಿ, ಡಿ, ಇ, ಎಚ್, ಎಲ್. ಒಂದೊಂದರಲ್ಲೂ ಒಂದು ಬೈಟು. ಇವುಗಳಲ್ಲಿ ಎ ಯಜಮಾನ, ಹೆಸರು ಅಕ್ಯುಮುಲೇಟರ್. ಒಂದೊಂದು ಬೈಟಿನ ಎರಡು ಸಂಖ್ಯೆಗಳನ್ನು ಕೂಡುವುದು, ಕಳೆಯುವುದು ಅದರೊಳಗೇ ನಡೆಯಬೇಕು. ಹೆಕ್ಸ್ ಅಂಕಿಗಳಿಗೂ ಗೂಡುಗಳಿಗೂ ಇವೇ ಅಕ್ಷರಗಳಿರುವುದು ಹೊಸಬರಿಗೆ ಇನ್ನೊಂದು ತಲೆನೋವು.

ಎರಡನೆಯದು ಹೊರಗಿನ ಮೆಮೊರಿ. ಅದನ್ನು 65,536 ಮನೆಗಳಿರುವ ಒಂದೇ ಉದ್ದನೆಯ ಬೀದಿ ಎಂದುಕೊಳ್ಳಬಹುದು. ಮನೆ ನಂಬರ್ 0000ದಿಂದ ಎಫ್‌ಎಫ್‌ಎಫ್‌ಎಫ್‌ವರೆಗೆ. ಯಾವ ಮನೆಯಲ್ಲಿ ಆದೇಶವಿದೆ, ಯಾವುದರಲ್ಲಿ ಬರಿಯ ಸಂಖ್ಯೆಯಿದೆ ಎಂಬುದು ಯಂತ್ರಕ್ಕೆ ತಿಳಿಯದು. ಪ್ರೋಗ್ರಾಮ್ ಕೌಂಟರ್ ಎಂಬ ಇನ್ನೊಂದು ರಿಜಿಸ್ಟರ್ ಯಾವ ಮನೆಯತ್ತ ಬೆರಳು ತೋರಿಸುತ್ತದೋ ಅಲ್ಲಿರುವುದನ್ನು ಅದು ಆದೇಶವೆಂದು ಓದುತ್ತದೆ. ಮೇಲಿನ ಪ್ರೋಗ್ರಾಮನ್ನು 2000ದ ಬದಲು 2001ರಿಂದ ಓಡಿಸಿದರೆ, ಅಲ್ಲಿರುವ 25 ‘ಎಚ್ ಗೂಡಿನಿಂದ ಒಂದು ಕಳೆ’ ಎಂಬ ಆದೇಶವಾಗಿಬಿಡುತ್ತದೆ. ಯಂತ್ರ ತಕರಾರಿಲ್ಲದೆ ಕಳೆಯುತ್ತದೆ.

ಅಸೆಂಬ್ಲಿ ಕಲಿಯುವವನಿಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದೇ. ಒಂದು ಬೈಟಿಗೆ ತಾನಾಗಿ ಅರ್ಥವಿಲ್ಲ. ಸಂಖ್ಯೆ, ಅಕ್ಷರ, ಆದೇಶ, ವಿಳಾಸ, ಏನು ಬೇಕಾದರೂ ಆದೀತು. ಅರ್ಥ ಕೊಡುವವನು ಬರೆಯುವವನು.

ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಒಂದು ವಿಚಿತ್ರವಿದೆ. ಬೇಕಾದ ವಿಳಾಸ 2050, ಒತ್ತಿದ್ದು 50 20. ಎರಡು ಬೈಟಿನ ವಿಳಾಸದಲ್ಲಿ ಕಿರಿಯ ಭಾಗ ಮೊದಲು, ಹಿರಿಯ ಭಾಗ ಆಮೇಲೆ ಬರಬೇಕೆಂಬುದು ಇಂಟೆಲ್ ಚಿಪ್ಪುಗಳ ಪದ್ಧತಿ. ಕನ್ನಡ ಇಪ್ಪತ್ತೈದು ಎಂದು ಹಿರಿದನ್ನು ಮೊದಲು ಹೇಳುತ್ತದೆ; ಸಂಸ್ಕೃತ ಪಂಚವಿಂಶತಿ ಎಂದು ಐದನ್ನು ಮುಂದಕ್ಕೆ ತರುತ್ತದೆ. 8085 ಎರಡನೆಯ ಪಂಗಡಕ್ಕೆ ಸೇರಿದ್ದು. ಮರೆತು 20 50 ಎಂದು ಒತ್ತಿದರೆ ಉತ್ತರ 5020ನೇ ಮನೆಗೆ ಹೋಗುತ್ತದೆ. ಅಲ್ಲಿ ಮೆಮೊರಿಯೇ ಇಲ್ಲದಿದ್ದರೆ ಗಾಳಿಗೆ.

ಬಾಕ್ಸ್: ಹೆಸರಿನ ಕೊನೆಯ ಐದು
8085ರ ಕೊನೆಯ 5 ಎಂದರೆ ಐದು ವೋಲ್ಟ್. 1974ರಲ್ಲಿ ಬಂದ ಅದರ ಅಣ್ಣ 8080ಕ್ಕೆ +5, –5, +12 ಹೀಗೆ ಮೂರು ಬಗೆಯ ವಿದ್ಯುತ್ ಬೇಕಿತ್ತು. ತಮ್ಮನಿಗೆ ಒಂದೇ ಸಾಕು. ಕಾಲುಗಳು 40, ಒಳಗಿರುವ ಟ್ರಾನ್ಸಿಸ್ಟರ್‌ಗಳು ಸುಮಾರು 6,500. ಒಂದು ಬೈಟಿನಲ್ಲಿ ಬರೆಯಬಹುದಾದ 256 ಸಂಕೇತಗಳ ಪೈಕಿ 246ಕ್ಕೆ ಇಂಟೆಲ್ ಅರ್ಥ ಪ್ರಕಟಿಸಿತು. ಮಿಕ್ಕ ಹತ್ತೂ ಚಿಪ್ಪಿನಲ್ಲಿ ಕೆಲಸ ಮಾಡುತ್ತವೆ. ಕೈಪಿಡಿಯಲ್ಲಿ ಮಾತ್ರ ಇಲ್ಲ.

ಒಂದು ಸಾಲು ಸೇರಿಸಿದರೆ

3ಸಿ ಬೇಡ, ಮನುಷ್ಯರಂತೆ 42 ಎಂದೇ ಬರಬೇಕು ಎನ್ನುವವರಿಗೆ 8085ರಲ್ಲಿ ಒಂದು ಆದೇಶ ಇಟ್ಟಿದ್ದಾರೆ: ಡಿಎಎ, ಸಂಕೇತ 27. ಕೂಡಿಸಿದ ಮೇಲೆ ಇದನ್ನು ಕೊಟ್ಟರೆ, ಬಲಗಡೆಯ ಅಂಕಿ ಒಂಬತ್ತನ್ನು ಮೀರಿದ್ದರೆ ಯಂತ್ರ ಇನ್ನೂ ಆರು ಸೇರಿಸುತ್ತದೆ. ಹನ್ನೆರಡಕ್ಕೆ ಆರು ಸೇರಿ ಹದಿನೆಂಟು. ಅದು ಒಂದು ರೂಪಾಯಿ ಎರಡಾಣೆ. 3ಸಿ ಹೋಗಿ 42 ಆಯಿತು. ಹದಿನಾರಕ್ಕೂ ಹತ್ತಕ್ಕೂ ನಡುವಿನ ಅಂತರ ಆರು, ಗುಟ್ಟು ಇಷ್ಟೇ.

ಆದರೆ ಡಿಎಎಯನ್ನು ಆ್ಯಡ್ ಆದ ಕೂಡಲೇ, 2005ನೇ ಮನೆಯಲ್ಲಿ ಇಡಬೇಕು. ಅಲ್ಲಿ ಈಗಾಗಲೇ 32 ಕೂತಿದೆ. ಅದನ್ನು 2006ಕ್ಕೆ ಎಬ್ಬಿಸಬೇಕು, ಅದರ ಹಿಂದಿನದನ್ನು 2007ಕ್ಕೆ. ತುಂಬಿದ ಬಸ್ಸಿನಲ್ಲಿ ಒಬ್ಬರಿಗೆ ಸೀಟು ಬಿಡಲು ಸಾಲೆಲ್ಲ ಜರುಗಿದಂತೆ. ಒಂಬತ್ತು ಬೈಟಿನ ಪ್ರೋಗ್ರಾಮಿನಲ್ಲಾದರೆ ಮತ್ತೆ ಐದು ಬೈಟು ಒತ್ತಿದರಾಯಿತು. ಇನ್ನೂರು ಬೈಟಿನದಾದರೆ? ಒಳಗೆ ‘ಇಂಥ ವಿಳಾಸಕ್ಕೆ ಹೋಗು’ ಎಂಬ ಆದೇಶಗಳಿದ್ದರೆ, ಜರುಗಿದ ಪ್ರತಿ ವಿಳಾಸವನ್ನೂ ಹುಡುಕಿ ತಿದ್ದಬೇಕು. ಆ ಹೊತ್ತಿಗೆ ಕರೆಂಟ್ ಹೋಯಿತೋ, ಒತ್ತಿದ್ದೆಲ್ಲ ಅಳಿಸಿ ಮೊದಲಿನಿಂದ ಶುರು.

ಇಂಥ ಬೇಸರವೇ, ಅಸೆಂಬ್ಲಿ ಸಾಲುಗಳನ್ನು ತಾನೇ ಯಂತ್ರಸಂಕೇತಕ್ಕಿಳಿಸುವ ಪ್ರೋಗ್ರಾಮನ್ನು, ಅಂದರೆ ಅಸೆಂಬ್ಲರನ್ನು ಹುಟ್ಟಿಸಿತು. 1947ರಲ್ಲಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಎಆರ್‌ಸಿ ಯಂತ್ರಕ್ಕಾಗಿ ಕ್ಯಾಥ್ಲೀನ್ ಬೂತ್ ಆದೇಶಗಳನ್ನು ಗುರುತುಗಳಲ್ಲಿ ಬರೆಯುವ ಕ್ರಮ ರೂಪಿಸಿದರು. 1949ರ ಮೇ 6ರಂದು ಕೇಂಬ್ರಿಜ್‌ನ ಎಡ್‌ಸ್ಯಾಕ್ ತನ್ನ ಮೊದಲ ಲೆಕ್ಕ ಮಾಡಿತು. ಅದಕ್ಕೆ ಡೇವಿಡ್ ವೀಲರ್ ಬರೆದ 31 ಆದೇಶಗಳ ಪುಟ್ಟ ಪ್ರೋಗ್ರಾಮು, ಕಾಗದದ ಪಟ್ಟಿಯಲ್ಲಿ ತೂತು ಹೊಡೆದ ಅಕ್ಷರಗಳನ್ನು ಓದಿ ಯಂತ್ರಸಂಕೇತವಾಗಿ ಬದಲಿಸುತ್ತಿತ್ತು. ಕೂಡು ಎನ್ನಲು ಇಂಗ್ಲಿಷಿನ ಎ, ಕಳೆ ಎನ್ನಲು ಎಸ್. ಝಡ್ ಎಂದರೆ ನಿಂತು ಗಂಟೆ ಬಾರಿಸು! 8085ರ ಎಚ್‌ಎಲ್‌ಟಿಗೆ ಅಂಥ ರಸಿಕತೆಯಿಲ್ಲ.

ಅಸೆಂಬ್ಲರ್ ಮಾಡುವ ಕೆಲಸದಲ್ಲಿ ಮಂತ್ರವೇನಿಲ್ಲ. ಬರೆಯುವವರು ವಿಳಾಸದ ಬದಲು ಒಂದು ಹೆಸರು ಕೊಡುತ್ತಾರೆ. ಅದಕ್ಕೆ ಲೇಬಲ್ ಎನ್ನುತ್ತಾರೆ. ಮೊದಲ ಸುತ್ತಿನಲ್ಲಿ ಅಸೆಂಬ್ಲರ್ ಬೈಟುಗಳನ್ನು ಎಣಿಸುತ್ತ, ಯಾವ ಲೇಬಲ್ ಯಾವ ಮನೆಗೆ ಬಿತ್ತೆಂದು ಪಟ್ಟಿ ಮಾಡುತ್ತದೆ. ಎರಡನೆಯ ಸುತ್ತಿನಲ್ಲಿ ಆ ಪಟ್ಟಿ ನೋಡಿ ವಿಳಾಸಗಳನ್ನು ತುಂಬುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟು, ಕೊನೆಗೆ ಪೆನ್ಸಿಲ್ಲಿನಲ್ಲಿ ತುಂಬುವ ವಿದ್ಯಾರ್ಥಿ ಮಾಡುವುದೂ ಇದನ್ನೇ. ಹಾಗಾಗಿ ಮೊದಲ ಹತ್ತು ಪ್ರೋಗ್ರಾಮುಗಳನ್ನಾದರೂ ಕೈಯಲ್ಲೇ ಸಂಕೇತಕ್ಕಿಳಿಸಬೇಕು. ಅಸೆಂಬ್ಲರ್ ಆಮೇಲೆ ಸಿಕ್ಕರೆ ಅದರ ಬೆಲೆ ತಿಳಿಯುತ್ತದೆ.

ಬಾವುಟಗಳು

ಕೂಡುವುದು ಕ್ಯಾಲ್ಕುಲೇಟರಿಗೂ ಬರುತ್ತದೆ. ಕಂಪ್ಯೂಟರು ಕಂಪ್ಯೂಟರಾಗುವುದು ‘ಹೀಗಿದ್ದರೆ ಹಾಗೆ ಮಾಡು’ ಎಂದಾಗ. 8085ರಲ್ಲಿ ಅದಕ್ಕಾಗಿ ಐದು ಬಿಟ್‌ಗಳಿವೆ. ಹೆಸರು ಫ್ಲ್ಯಾಗ್, ಅಂದರೆ ಬಾವುಟ. ಉತ್ತರ ಸೊನ್ನೆಯಾದರೆ ಜೀರೊ ಬಾವುಟ ಏರುತ್ತದೆ. ಉತ್ತರ ಒಂದು ಬೈಟಿನಲ್ಲಿ ಹಿಡಿಯದಿದ್ದರೆ ಕ್ಯಾರಿ ಬಾವುಟ. ಶಾಲೆಯಲ್ಲಿ ‘ಕೈಯಲ್ಲಿ ಒಂದು’ ಎಂದು ಹೇಳಿಕೊಳ್ಳುತ್ತಿದ್ದ ಆ ಒಂದನ್ನು ಯಂತ್ರ ಇಡುವ ಜಾಗ ಅದು. ಎಫ್0ಗೆ 20 ಕೂಡಿಸಿದರೆ ಎ ಗೂಡಿನಲ್ಲಿ ಉಳಿಯುವುದು 10, ಕೈಯಲ್ಲಿ ಒಂದು. ಋಣಚಿಹ್ನೆಗೆ ಸೈನ್, ಒಂದುಗಳ ಎಣಿಕೆ ಸಮವೋ ಬೆಸವೋ ತಿಳಿಸಲು ಪ್ಯಾರಿಟಿ. ಐದನೆಯದು ಆಕ್ಸಿಲರಿ ಕ್ಯಾರಿ, ಡಿಎಎಯ ಖಾಸಾ ಆಳು.

ಬಾವುಟ ಬಂದರೆ ಸುತ್ತು ಹಾಕಬಹುದು. 8085ಕ್ಕೆ ಗುಣಿಸಲು ಬರುವುದಿಲ್ಲ. ಗುಣಾಕಾರದ ಆದೇಶವೇ ಅದರಲ್ಲಿಲ್ಲ. ಏಳೈದಲ ಎಷ್ಟೆಂದು ತಿಳಿಯಲು ಏಳನ್ನು ಐದು ಸಲ ಕೂಡಿಸಬೇಕು.

2000 — 3ಇ 00 — ಎಂವಿಐ ಎ, 00
2002 — 06 07 — ಎಂವಿಐ ಬಿ, 07
2004 — 0ಇ 05 — ಎಂವಿಐ ಸಿ, 05
2006 — 80 — ಆ್ಯಡ್ ಬಿ
2007 — 0ಡಿ — ಡಿಸಿಆರ್ ಸಿ
2008 — ಸಿ2 06 20 — ಜೆಎನ್‌ಝಡ್ 2006
200ಬಿ — 32 50 20 — ಎಸ್‌ಟಿಎ 2050
200ಇ — 76 — ಎಚ್‌ಎಲ್‌ಟಿ

ಡಿಸಿಆರ್ ಎಂದರೆ ಒಂದು ಕಳೆ. ಜೆಎನ್‌ಝಡ್ ಎಂದರೆ ಸೊನ್ನೆಯಾಗಿಲ್ಲದಿದ್ದರೆ ಜಿಗಿ. ಸಿ ಗೂಡಿನ ಐದು ನಾಲ್ಕಾಗಿ, ಮೂರಾಗಿ, ಸೊನ್ನೆಯಾಗುವವರೆಗೆ ಯಂತ್ರ 2006ಕ್ಕೆ ಹಿಂದಿರುಗುತ್ತ ಏಳೇಳು ಕೂಡಿಸುತ್ತದೆ. ಉತ್ತರ 23. ಎರಡು ರೂಪಾಯಿ ಮೂರಾಣೆ, ಅಂದರೆ 35.

ಜಿಗಿಯುವ ವಿಳಾಸ ಒಂದಿಷ್ಟು ಆಚೀಚೆಯಾದರೆ ಏನಾಗುತ್ತದೆಂಬುದು ಈ ಭಾಷೆಯ ಅತ್ಯುತ್ತಮ ಪಾಠ. 2006ರ ಬದಲು 2007 ಎಂದು ಬರೆದರೆ ಕೂಡುವ ಸಾಲು ತಪ್ಪಿಹೋಗುತ್ತದೆ. ಯಂತ್ರ ಐದರಿಂದ ಸೊನ್ನೆಯವರೆಗೆ ಸುಮ್ಮನೆ ಎಣಿಸಿ 07 ಎಂಬ ಉತ್ತರ ಕೊಡುತ್ತದೆ. 2004 ಎಂದು ಬರೆದರೆ ಪ್ರತಿ ಸುತ್ತಿನಲ್ಲೂ ಸಿಗೆ ಮತ್ತೆ ಐದು ತುಂಬುತ್ತದೆ. ಐದು ನಾಲ್ಕಾಗುತ್ತದೆ, ಮತ್ತೆ ಐದಾಗುತ್ತದೆ. ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಅಂಕಿಪಟ್ಟಿಯ ಮೇಲೆ ಅದೇ ‘ಇ’. ರೀಸೆಟ್ ಒತ್ತದೆ ಬಿಡುಗಡೆಯಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಬಲೆ ಇನ್ನೊಂದಿದೆ. 255ಕ್ಕಿಂತ ಹೆಚ್ಚು ಸುತ್ತು ಬೇಕಾದಾಗ ಬಿ ಮತ್ತು ಸಿ ಗೂಡುಗಳನ್ನು ಜೋಡಿ ಮಾಡಿ, ಡಿಸಿಎಕ್ಸ್ ಬಿ ಎಂಬ ಆದೇಶದಿಂದ ಒಂದೊಂದೇ ಕಳೆಯುತ್ತಾರೆ. ಹಿಂದೆಯೇ ಜೆಎನ್‌ಝಡ್ ಹಾಕುತ್ತಾರೆ. ನೋಡಲು ಎಲ್ಲ ಸರಿ, ಆದರೆ ಕೆಲಸ ಮಾಡದು. ಡಿಸಿಆರ್ ಜೀರೊ ಬಾವುಟವನ್ನು ಮುಟ್ಟುತ್ತದೆ, ಡಿಸಿಎಕ್ಸ್ ಯಾವ ಬಾವುಟವನ್ನೂ ಮುಟ್ಟುವುದಿಲ್ಲ! ಜೋಡಿ ಸೊನ್ನೆಯಾದದ್ದು ಜೆಎನ್‌ಝಡ್‌ಗೆ ತಿಳಿಯುವುದೇ ಇಲ್ಲ. ಬಿಯನ್ನು ಎಗೆ ತಂದು, ಅದರೊಡನೆ ಸಿಯನ್ನು ‘ಓಆರ್‌ಎ’ ಮಾಡಿ, ಎರಡೂ ಸೊನ್ನೆಯೇ ಎಂದು ಕೇಳಿಕೊಳ್ಳಬೇಕು. ಯಾವ ಆದೇಶ ಯಾವ ಬಾವುಟವನ್ನು ಮುಟ್ಟುತ್ತದೆ ಎಂಬ ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಳ್ಳುವುದು ಇದಕ್ಕೇ.

ಬಾಕ್ಸ್: ಹನ್ನೆರಡು ಮೈಕ್ರೊಸೆಕೆಂಡ್
ಅಸೆಂಬ್ಲಿಯಲ್ಲಿ ಹೊತ್ತನ್ನೂ ಎಣಿಸಬಹುದು. ಎಂವಿಐಗೆ ಗಡಿಯಾರದ 7 ಬಡಿತ, ಆ್ಯಡ್‌ಗೆ 4, ಎಸ್‌ಟಿಎಗೆ 13, ಎಚ್‌ಎಲ್‌ಟಿಗೆ 5. ಮೊದಲ ಪ್ರೋಗ್ರಾಮಿಗೆ ಒಟ್ಟು 36. ಸೆಕೆಂಡಿಗೆ 30 ಲಕ್ಷ ಬಡಿತದ 8085ರಲ್ಲಿ ಅದು 12 ಮೈಕ್ರೊಸೆಕೆಂಡ್. ಒತ್ತಲು ಹಿಡಿದದ್ದು ಎರಡು ನಿಮಿಷ.

ಹೋಗಿ ಮರಳುವ ದಾರಿ

ಒಂದೇ ಕೆಲಸ ನಾಲ್ಕು ಕಡೆ ಬೇಕಾದಾಗ ಅದನ್ನು ಒಂದೆಡೆ ಬರೆದಿಟ್ಟು, ಬೇಕಾದಾಗ ‘ಕಾಲ್’ ಎಂದು ಕರೆಯುವುದು ಮುಂದಿನ ಹೆಜ್ಜೆ. ಇದು ಸಬ್‌ರೂಟೀನ್. ಕೇಂಬ್ರಿಜ್‌ನಲ್ಲಿ ಇದನ್ನು ರೂಢಿಗೆ ತಂದವರಲ್ಲೂ ವೀಲರ್ ಪ್ರಮುಖರು. ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬುದನ್ನು 8085 ಮೆಮೊರಿಯ ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಮೂಲೆಗೆ ಸ್ಟ್ಯಾಕ್, ಅಂದರೆ ಅಟ್ಟಿ, ಎಂದು ಹೆಸರು. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಅಟ್ಟಿ ಬೆಳೆಯುವುದು ಮಾತ್ರ ಮೇಲಿನ ವಿಳಾಸದಿಂದ ಕೆಳಮುಖವಾಗಿ, ಆಲದ ಬಿಳಲಿನ ಹಾಗೆ.

ಹೊಸಬರು ಇಲ್ಲಿ ಎರಡು ರೀತಿ ಎಡವುತ್ತಾರೆ. ಸ್ಟ್ಯಾಕ್ ಎಲ್ಲಿ ಶುರುವಾಗಬೇಕೆಂದು ಹೇಳುವುದನ್ನೇ ಮರೆಯುವುದು ಒಂದು. ಪುಶ್ ಮಾಡಿದ್ದನ್ನು, ಅಂದರೆ ಸ್ಟ್ಯಾಕ್‌ನಲ್ಲಿ ಇಟ್ಟದ್ದನ್ನು, ಪಾಪ್ ಮಾಡಿ ತೆಗೆಯದೆ ಮರಳಲು ಹೊರಡುವುದು ಇನ್ನೊಂದು. ಆಗ ಯಂತ್ರ ಸ್ಟ್ಯಾಕ್‌ನ ತುದಿಯಲ್ಲಿರುವ ಯಾವುದೋ ಲೆಕ್ಕವನ್ನೇ ಮನೆಯ ವಿಳಾಸವೆಂದು ನಂಬಿ ಹೊರಟುಬಿಡುತ್ತದೆ. ಒಂದೊಂದೇ ಆದೇಶ ಓಡಿಸಿ ನಿಲ್ಲಿಸುವ ‘ಸಿಂಗಲ್ ಸ್ಟೆಪ್’ ಕೀಲಿ ಇಂಥ ಹೊತ್ತಿಗೆಂದೇ ಇದೆ.

ಆದೇಶಗಳ ಬಗೆ 74 ಇದ್ದರೂ ಮೊದಲ ತಿಂಗಳಿಗೆ ಹದಿನೈದು ಸಾಕು. ಎರಡು ಸಂಖ್ಯೆಗಳ ಮೊತ್ತ, ಸಾಲು ಸಂಖ್ಯೆಗಳ ಮೊತ್ತ, ಅವುಗಳಲ್ಲಿ ದೊಡ್ಡದು ಯಾವುದು, ಏರಿಕೆಯ ಕ್ರಮದಲ್ಲಿ ಜೋಡಿಸುವುದು: ಲ್ಯಾಬ್ ಪಟ್ಟಿಗಳು ಸಾಮಾನ್ಯವಾಗಿ ಹೋಗುವ ದಾರಿ ಇದು, ದಾರಿ ಚೆನ್ನಾಗಿಯೂ ಇದೆ. 1984ರಲ್ಲಿ ಮೊದಲು ಬಂದ ರಮೇಶ್ ಗಾಂವ್ಕರ್ ಅವರ 8085 ಪಠ್ಯಪುಸ್ತಕ ಭಾರತದ ಕಾಲೇಜುಗಳಲ್ಲಿ ಬಹಳ ಬಳಕೆಯಾಗಿದೆ. ಕಿಟ್ ಸಿಗದವರಿಗೆ ಗ್ನೂಸಿಮ್‌8085ನಂಥ ಉಚಿತ ಸಿಮ್ಯುಲೇಟರ್‌ಗಳಿವೆ. ಅವುಗಳಲ್ಲಿ ಎಲ್ಲ ಗೂಡುಗಳೂ ಬಾವುಟಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಕಿಟ್‌ನಲ್ಲಿ ಆ ಸುಖವಿಲ್ಲ.

ಬಾಕ್ಸ್: ಮಂಗಳದಲ್ಲೂ, ಚಂದ್ರನಲ್ಲೂ
1997ರ ಜುಲೈನಲ್ಲಿ ಮಂಗಳನ ಮೇಲೆ ಓಡಾಡಿದ ನಾಸಾದ ಸೊಜರ್ನರ್ ಬಂಡಿಯ ಮಿದುಳು 80ಸಿ85, ಅಂದರೆ ಇದೇ ಚಿಪ್ಪಿನ ಕಡಿಮೆ ವಿದ್ಯುತ್ತಿನ ರೂಪ. 1969ರಲ್ಲಿ ಮನುಷ್ಯರನ್ನು ಚಂದ್ರನಿಗಿಳಿಸಿದ ಅಪೊಲೊ ಕಂಪ್ಯೂಟರಿನ ಪ್ರೋಗ್ರಾಮು ಕೂಡ ಅಸೆಂಬ್ಲಿಯಲ್ಲೇ ಬರೆದದ್ದು. ಕಾರ್ಖಾನೆಯ ಹೆಂಗಸರು ತಂತಿಗಳನ್ನು ಪುಟ್ಟ ಬಳೆಗಳಲ್ಲಿ ಕೈಯಾರೆ ಹೆಣೆದು ಅದನ್ನು ಮೆಮೊರಿಗೆ ತುಂಬಿದರು. 1999ರ ‘ರೋಲರ್‌ಕೋಸ್ಟರ್ ಟೈಕೂನ್’ ಆಟದ ಬಹುಪಾಲನ್ನು ಕ್ರಿಸ್ ಸಾಯರ್ ಬರೆದದ್ದೂ ಅಸೆಂಬ್ಲಿಯಲ್ಲಿ.

ಹಳೆಯ ಚಿಪ್ಪು, ಹೊಸ ಚಿಪ್ಪು

ಅಸೆಂಬ್ಲಿಯ ದೊಡ್ಡ ಕೊರತೆ, ಅದು ಊರೂರಿಗೆ ಬೇರೆ. 8085ರ ಮಾತು ಆರ್ಮ್ ಚಿಪ್ಪಿಗೆ ತಿಳಿಯದು. 1973ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಅಸೆಂಬ್ಲಿಯಿಂದ ಸಿ ಭಾಷೆಗೆ ತಿರುಗಿಸಿ ಬರೆದದ್ದರಿಂದಲೇ ಅದು ಮುಂದೆ ಯಂತ್ರದಿಂದ ಯಂತ್ರಕ್ಕೆ ಹೋಗಲು ಸಾಧ್ಯವಾಯಿತು. ಈಗ ಇಡೀ ಪ್ರೋಗ್ರಾಮನ್ನು ಅಸೆಂಬ್ಲಿಯಲ್ಲಿ ಬರೆಯುವವರು ವಿರಳ. ಯಂತ್ರ ಎಚ್ಚರಗೊಳ್ಳುವ ಮೊದಲ ಕ್ಷಣದ ಆದೇಶಗಳು, ಆಪರೇಟಿಂಗ್ ಸಿಸ್ಟಮ್ಮಿನ ಕೆಲವು ಮೂಲೆಗಳು, ವಿಡಿಯೊ ಬಿಚ್ಚುವ ಮತ್ತು ಗೂಢಲಿಪಿಯ ಪ್ರೋಗ್ರಾಮುಗಳಲ್ಲಿ ಪದೇ ಪದೇ ಓಡುವ ಸುತ್ತುಗಳು: ಇಲ್ಲಿ ಮಾತ್ರ ಕೈಬರಹ ಉಳಿದಿದೆ. ವೈರಸ್ಸಿನ ಒಳಗನ್ನು ಬಿಡಿಸಿ ನೋಡುವವರು ಬರೆಯುವುದಕ್ಕಿಂತ ಓದುವುದಕ್ಕೆ ಅಸೆಂಬ್ಲಿಯನ್ನು ಕಲಿಯುತ್ತಾರೆ.

ಕಾಲೇಜುಗಳ ಪಠ್ಯಕ್ಕೂ 8086, 8051, ಆರ್ಮ್ ಬಂದಿವೆ. ಇವುಗಳಲ್ಲಿ ಶುರುಮಾಡಿದರೆ ತಪ್ಪೇನಿಲ್ಲ. ಆದರೆ ಕಲಿಯುವವನು ತಲೆಯಲ್ಲಿ ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕಾದ ಸಂಗತಿಗಳು ಹೆಚ್ಚು. 8085ರವು ಒಂದು ಅಂಗೈಯಲ್ಲಿ ಹಿಡಿಯುತ್ತವೆ. ಅದಾದ ಮೇಲೆ ಹೋಗಲು ಸೊಗಸಾದ ಜಾಗ ರಿಸ್ಕ್-ಫೈವ್. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ, ಯಾರು ಬೇಕಾದರೂ ಬಳಸಬಹುದಾದ ಆದೇಶಸಂಹಿತೆ ಅದು. ಮದರಾಸು ಐಐಟಿಯ ‘ಶಕ್ತಿ’ ಪ್ರೊಸೆಸರುಗಳು ನುಡಿಯುವುದೂ ಅದನ್ನೇ. ಅದರ 32 ಗೂಡುಗಳಲ್ಲಿ ಮೊದಲನೆಯದರಲ್ಲಿ ಏನು ಹಾಕಿದರೂ ಸೊನ್ನೆಯೇ ಉಳಿಯುತ್ತದೆ. ಬಾವುಟಗಳು ಇಲ್ಲವೇ ಇಲ್ಲ. ಎರಡು ಗೂಡುಗಳನ್ನು ಹೋಲಿಸಿ ಜಿಗಿಯುವುದು ಒಂದೇ ಆದೇಶದಲ್ಲಿ ಮುಗಿಯುತ್ತದೆ. ಡಿಸಿಎಕ್ಸ್ ಬಲೆಗೆ ಬಿದ್ದು ಎದ್ದವರಿಗೆ ಇದರ ರುಚಿ ತಿಳಿಯುತ್ತದೆ.

ಕೈಯಲ್ಲಿ ಬರೆಯುವಷ್ಟು ಬಂದ ಮೇಲೆ, ಸಿ ಭಾಷೆಯ ಸಾಲುಗಳನ್ನು ಯಂತ್ರದ ಮಾತಿಗೆ ತಿರುಗಿಸುವ ಕಂಪೈಲರು ಬರೆದದ್ದನ್ನು ಓದುವುದು ಒಳ್ಳೆಯ ಅಭ್ಯಾಸ. ಜಿಸಿಸಿ ಕಂಪೈಲರಿಗೆ ಅಸೆಂಬ್ಲಿಯಲ್ಲೇ ನಿಲ್ಲಿಸು ಎಂದು ಹೇಳುವ ಸೌಲಭ್ಯವಿದೆ. ಏಳನ್ನು ಐದು ಸಲ ಕೂಡಿಸಿ ಉತ್ತರ ಮರಳಿಸುವ ಅದೇ ಸುತ್ತನ್ನು ಸಿಯಲ್ಲಿ ಬರೆದು ಕೊಟ್ಟರೆ, ಗೂಡು ತುಂಬುವುದು, ಕೂಡುವುದು, ಎಣಿಸುವುದು, ಜಿಗಿಯುವುದು ಎಲ್ಲ ಸಾಲಾಗಿ ಕಾಣುತ್ತವೆ, ಗುರುತು ಸಿಗುತ್ತವೆ. ಅದನ್ನೇ ‘ವೇಗವಾಗುವಂತೆ ತಿದ್ದಿ ಕೊಡು’ ಎಂದು ಕೇಳಿದರೆ ಸುತ್ತೇ ಮಾಯ. ಕಂಪೈಲರು ಲೆಕ್ಕವನ್ನು ತಾನೇ ಮಾಡಿಮುಗಿಸಿ, ಗೂಡಿಗೆ 35 ಹಾಕು, ಮರಳು ಎಂದು ಎರಡು ಸಾಲು ಬರೆದಿಟ್ಟಿರುತ್ತದೆ.